ಉಪ್ಪು ನೋಡದ ಸಾರು

ಒಲೆಯ ಮೇಲೆ ಸಾರು ಕುದಿಯುತ್ತಿರುವಾಗ ಸೌಟಿನ ತುದಿಯಿಂದ ಅಂಗೈಗೆ ಎರಡು ಹನಿ ಬಿಟ್ಟುಕೊಂಡು, ಉಫ್ ಎಂದು ಊದಿ, ನಾಲಿಗೆಗೆ ತಾಗಿಸಿ, ಕಣ್ಣನ್ನು ಅರೆ ಮುಚ್ಚಿ ಉಪ್ಪುಹುಳಿಯ ತೀರ್ಪು ಕೊಡುವ ಹೆಂಗಸನ್ನು ನೀವೂ ನಿಮ್ಮ ಮನೆಯಲ್ಲಿ ನೋಡಿಯೇ ಇರುತ್ತೀರಿ. ನಮ್ಮ ಅವ್ವನ ಅಂಗೈಯ ನಡುವೆ ಈ ಕೆಲಸಕ್ಕೆಂದೇ ದೇವರು ಒಂದು ಸಣ್ಣ ತಗ್ಗು ಮಾಡಿದ್ದಾನೆಂದು ನಾನು ಚಿಕ್ಕಂದಿನಲ್ಲಿ ನಂಬಿದ್ದೆ. ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ನಮ್ಮದು ಎರಡು ಕೋಣೆಯ ಮನೆ. ಭಾನುವಾರ ಬಂದರೆ ಅವ್ವ ಮಾಡುತ್ತಿದ್ದ ಬಾಡಿನ ಸಾರಿನ ಘಮ ಸಾಲುಮನೆಗಳನ್ನೆಲ್ಲ ದಾಟಿ ಹಳಿಯವರೆಗೂ ಹೋಗುತ್ತಿತ್ತು. ಅಪ್ಪ ಸ್ಟೇಷನ್ನಿನಲ್ಲಿ ರೈಲಿಗೆ ಹಳಿ ಬದಲಿಸುವ ಪಾಯಿಂಟ್ಸ್‌ಮನ್. ಬೇರೆಲ್ಲದರಲ್ಲಿ ತಣ್ಣನೆಯ ಮನುಷ್ಯ, ಉಪ್ಪಿನ ವಿಷಯದಲ್ಲಿ ಮಾತ್ರ ಮಹಾ ಮುಂಗೋಪಿ. ಒಂದು ಕಲ್ಲು ಉಪ್ಪು ಕಡಿಮೆಯಾದರೂ ಬಯ್ಯದೆ, ಕೂಗಾಡದೆ, ತಟ್ಟೆ ಬಿಟ್ಟು ಎದ್ದು ಹೋಗಿಬಿಡುತ್ತಿದ್ದರು. ಹಾಗಾಗಿ ಅವ್ವನ ಅಂಗೈ ನಮ್ಮ ಮನೆಯ ಶಾಂತಿಯ ಕಾವಲುಗಾರನಾಗಿತ್ತು.

ನಾನು ಕಾಲೇಜಿಗೆ ಹೋಗುತ್ತಿದ್ದ ತೊಂಬತ್ತರ ದಶಕದ ಒಂದು ದಿನ ಹತ್ತಿರದ ಗಂಡಸಿ ಊರಿನಿಂದ ದೊಡ್ಡಪ್ಪ, ಅಂದರೆ ಅಪ್ಪನ ಅಣ್ಣ, ಹೇಳದೆ ಕೇಳದೆ ಬಸ್ಸಿಳಿದು ಬಂದರು. ವಾರದ ನಡುವೆ ಮಾಂಸ ಸಿಗುವಂತಿರಲಿಲ್ಲ. ಅಪ್ಪ ಹಿತ್ತಿಲಿಗೆ ಹೋಗಿ ಕೈಗೆ ಸಿಕ್ಕ ಕೆಂಪು ಹೇಂಟೆಯನ್ನು ಹಿಡಿದರು. ಅದು ಮೊಟ್ಟೆಯಿಡುತ್ತಿದ್ದ ಕೋಳಿ. ದಿನವೂ ಅಡುಗೆಮನೆಗೆ ಗತ್ತಿನಿಂದ ನಡೆದುಬಂದು ರಾಗಿಹಿಟ್ಟಿನ ಡಬ್ಬದ ಹಿಂದೆ ಮೊಟ್ಟೆಯಿಟ್ಟು, ಊರಿಗೆಲ್ಲ ಸುದ್ದಿ ಸಾರಿ ಹೋಗುತ್ತಿತ್ತು. ಕೋಳಿ ಹಸನು ಮಾಡುವುದು ಅವ್ವನಿಗೆ ಹೊಸದಲ್ಲ. ಅಂಥ ಕೋಳಿಯ ಹೊಟ್ಟೆಯೊಳಗೆ ಇನ್ನೂ ಚಿಪ್ಪು ಕಟ್ಟದ ಹಳದಿ ಮೊಟ್ಟೆಗಳು, ನಿಂಬೆಹಣ್ಣಿನ ಗಾತ್ರದಿಂದ ಸಾಸಿವೆ ಕಾಳಿನವರೆಗೆ ಒಂದಕ್ಕಿಂತ ಒಂದು ಚಿಕ್ಕದಾಗಿ ಗೊಂಚಲುಗಟ್ಟಿರುವುದನ್ನು ಕೋಳಿ ಸಾಕಿದವರೆಲ್ಲ ಬಲ್ಲರು. ಸಾರಿನಲ್ಲಿ ಬೆಂದ ಆ ಗೊಂಚಲಿಗಾಗಿ ಮಕ್ಕಳು ಕಿತ್ತಾಡುತ್ತಾರೆ. ನಾನೂ ಅಂದು ಅದಕ್ಕಾಗಿಯೇ ಬಾಗಿಲಲ್ಲಿ ಕಾಯುತ್ತ ನಿಂತಿದ್ದೆ.

ಅವ್ವ ಆ ಗೊಂಚಲನ್ನು ಅಂಗೈ ಮೇಲಿಟ್ಟುಕೊಂಡಳು. ಆಮೇಲೆ ಒಂದೊಂದನ್ನೇ ಬೆರಳಿನಿಂದ ಮುಟ್ಟುತ್ತ, ನನಗೋ ತನಗೋ ತಿಳಿಯದಂತೆ ಹೇಳಿದಳು: "ಇದು ನಾಳೇದು. ಇದು ನಾಡಿದ್ದಿಂದು. ಇದು ಆಚೆ ನಾಡಿದ್ದಿಂದು."

ಎಷ್ಟೋ ವರ್ಷ ಬಾಯಿ ಚಪ್ಪರಿಸಿ ತಿಂದದ್ದು ಮೊಟ್ಟೆಯಲ್ಲ, ಬರಬೇಕಾಗಿದ್ದ ದಿನಗಳು ಎಂದು ಯಾರೋ ಕಿವಿಯಲ್ಲಿ ಹೇಳಿದಂತಾಯಿತು. ಅವ್ವ ಅಂದು ಸಾರು ಮಾಡಿದಳು, ದೊಡ್ಡಪ್ಪನಿಗೆ ಬಲವಂತ ಮಾಡಿ ಬಡಿಸಿದಳು, ತಾನು ಮಾತ್ರ ಮುದ್ದೆಗೆ ಮಜ್ಜಿಗೆ ಹಾಕಿಕೊಂಡು ಕುಳಿತಳು. ಅಪ್ಪ ಹುಬ್ಬೇರಿಸಿದಾಗ ಒಂದೇ ಮಾತು: "ನಂಗ್ ಬ್ಯಾಡ. ಇನ್ ಮ್ಯಾಕೂ ಬ್ಯಾಡ. ನಿಮ್ಗೆಲ್ಲ ಮಾಡಿಕ್ತೀನಿ."

ಮಾಂಸ ಬಿಡುವುದೆಂದರೆ ನಮ್ಮ ಕಡೆ ಬರೀ ಊಟದ ಮಾತಲ್ಲ ಎನ್ನುವುದು ಆಗ ನನಗೆ ಗೊತ್ತಾಯಿತು. ಡಾಕ್ಟರು ಹೇಳಿದರೆ ಬಿಡಬಹುದು, ಹರಕೆ ಹೊತ್ತು ಬಿಡಬಹುದು, ಮಠದಲ್ಲಿ ದೀಕ್ಷೆ ತೆಗೆದುಕೊಂಡು ಬಿಡಬಹುದು. ಸುಮ್ಮನೆ ಬಿಟ್ಟವರನ್ನು ಯಾವ ಸಾಲಿನಲ್ಲಿ ಕೂರಿಸಬೇಕೆಂದು ಯಾರಿಗೂ ತಿಳಿಯದು. ನೆಂಟರು ಮುನಿಸಿಕೊಂಡರು, ನಮ್ಮ ಮನೆಯ ನೀರೂ ಇನ್ನು ಆಗದೋ ಏನೋ ಎಂದು ಚುಚ್ಚಿದರು. ಹಿಂದಿನ ಬೀದಿಯ ಕೊಬ್ಬರಿ ವ್ಯಾಪಾರಿಯ ಹೆಂಡತಿ, ಹುಟ್ಟಿನಿಂದ ಮಾಂಸ ಮುಟ್ಟದ ಮನೆತನದವರು, ಒಬ್ಬಟ್ಟು ಕಟ್ಟಿಕೊಂಡು ಬಂದು ಪ್ರೀತಿಯಿಂದಲೇ, "ಒಳ್ಳೇದಾಯ್ತು ಬಿಡ್ರೀ, ಈಗ ಶುದ್ಧ ಆದ್ರಿ" ಎಂದರು.

"ಹಂಗಾರೆ ಇಷ್ಟ್ ದಿನ ನಾನು ಕೊಳಕಾಗಿದ್ನೇನಕ್ಕಾ?" ಅವ್ವ ಕೇಳಿದ್ದು ಮೆಲ್ಲಗೇ. ಅವ್ವ ಒಬ್ಬಟ್ಟನ್ನು ತೆಗೆದುಕೊಂಡಳು, ಹೊಗಳಿಕೆಯನ್ನು ತೆಗೆದುಕೊಳ್ಳಲಿಲ್ಲ. ನನಗೆ ಹೆಮ್ಮೆಯಾಯಿತು ಎಂದು ನೇರವಾಗಿಯೇ ಹೇಳುತ್ತೇನೆ.

ಆದರೆ ನಿಜವಾದ ಪೇಚು ಒಲೆಯ ಮುಂದೆ ಶುರುವಾಯಿತು. ತಿನ್ನದವಳು ಉಪ್ಪು ನೋಡುವುದು ಹೇಗೆ? ಅವ್ವ ಅಂದಾಜಿನ ಮೇಲೆ ಹಾಕತೊಡಗಿದಳು. ಮೊದಮೊದಲು ಅಂದಾಜು ಸರಿಹೋಗುತ್ತಿತ್ತು. ಒಂದು ಭಾನುವಾರ ಅಪ್ಪ ಮೊದಲ ತುತ್ತು ಬಾಯಿಗಿಟ್ಟರು, ಕೈ ಅಲ್ಲೇ ನಿಂತಿತು. ಎದ್ದು ಹೋಗುತ್ತಾರೆಂದುಕೊಂಡೆ. ಅವರು ಏಳಲಿಲ್ಲ.

"ರುಚಿ ನೋಡಿದ್ಯೇನೇ?"

"ಇಲ್ಲ."

"ರುಚಿ ನೋಡ್ದೆ ಅಡುಗೆ ಮಾಡಿಕ್ಕೋದು ಸತ್ತೋರಿಗೆ. ನಾನಿನ್ನೂ ಬದುಕಿವ್ನಿ ಕಣೇ."

ಮಹಾಲಯ ಅಮಾವಾಸ್ಯೆಯ ಹಿರಿಯರ ಹಬ್ಬದಲ್ಲಿ, ತೀರಿಹೋದವರಿಗೆ ಅವರು ಇಷ್ಟಪಟ್ಟದ್ದನ್ನೆಲ್ಲ ಮಾಡಿ ಎಡೆ ಇಡುತ್ತೇವಲ್ಲ, ಆ ಅಡುಗೆಯನ್ನು ಯಾರೂ ರುಚಿ ನೋಡುವಂತಿಲ್ಲ; ನೋಡಿದರೆ ಎಂಜಲಾಗಿ ಹಿರಿಯರು ಮುಟ್ಟದೆ ಹೋಗುತ್ತಾರೆಂದು ನಂಬಿಕೆ. ವರ್ಷಕ್ಕೊಮ್ಮೆ ಸತ್ತವರಿಗೆ ಸಲ್ಲುತ್ತಿದ್ದ ಊಟ ತನಗೆ ವಾರವಾರವೂ ಬರುತ್ತಿದೆಯೆಂದು ಅಪ್ಪನಿಗೆ ಅನ್ನಿಸಿಬಿಟ್ಟಿತ್ತು. ಅದು ತಮಾಷೆಯೆಂದು ನಗಲು ಹೊರಟ ನಾನು ಅವರ ಕಣ್ಣು ನೋಡಿ ಹೆದರಿದೆ. ಇಪ್ಪತ್ತು ಚಿಲ್ಲರೆ ವರ್ಷ ಒಂದೇ ಸಾರಿನಲ್ಲಿ ಉಂಡ ಇಬ್ಬರು ಇನ್ನು ಮುಂದೆ ಒಂದೇ ಮನೆಯಲ್ಲಿ ಬೇರೆ ಬೇರೆ ಬದುಕುತ್ತಾರೇನೋ ಎಂದು ಆ ವಾರವೆಲ್ಲ ನನಗೆ ಓದು ತಲೆಗೆ ಹತ್ತಲಿಲ್ಲ.

ಮುಂದಿನ ಭಾನುವಾರ, ಅದುವರೆಗೆ ನೀರು ಕುಡಿಯಲೂ ಅಡುಗೆಮನೆಗೆ ಬಾರದ ಅಪ್ಪ, ಡ್ಯೂಟಿಯ ನೀಲಿ ಅಂಗಿಯಲ್ಲೇ ಒಲೆಯ ಪಕ್ಕಕ್ಕೆ ಬಂದು ನಿಂತು ಅಂಗೈ ಚಾಚಿದರು. ಅವ್ವ ಅರೆಗಳಿಗೆ ಆ ಕೈಯನ್ನೇ ನೋಡಿ, ಸೌಟಿನಿಂದ ಎರಡು ಹನಿ ಬಿಟ್ಟಳು. ಅಪ್ಪನಿಗೆ ಊದಿಕೊಳ್ಳಲೂ ಬರದು. ನಾಲಿಗೆ ಸುಟ್ಟುಕೊಂಡು, "ಇನ್ನೊಂದ್ ಕಲ್ಲು ಹಾಕು" ಎಂದರು. ಅಂದಿನಿಂದ ಎಷ್ಟೋ ವರ್ಷ ನಮ್ಮ ಮನೆಯ ಬಾಡಿನ ಸಾರು ಅವ್ವನ ಕೈಯಲ್ಲಿ ಕುದಿದು ಅಪ್ಪನ ಅಂಗೈಯಲ್ಲಿ ಪಾಸಾಯಿತು. ಅವಳು ಬಿಟ್ಟದ್ದನ್ನು ಅವರು ಹಿಡಿಯೆನ್ನಲಿಲ್ಲ, ಅವರು ಹಿಡಿದದ್ದನ್ನು ಅವಳು ಬಿಡೆನ್ನಲಿಲ್ಲ.

ಅಪ್ಪ ತೀರಿಕೊಂಡರು. ವರ್ಷದ ತಿಥಿ ಕಳೆದ ಮೇಲೆ ಬಂದ ಮೊದಲ ಹಿರಿಯರ ಹಬ್ಬಕ್ಕೆ ದೊಡ್ಡಪ್ಪ ಗಂಡಸಿಯಿಂದ ಬಂದು, ಗೋಡೆಗೆ ಒರಗಿ ಕೂತಿದ್ದರು. ಎಡೆಗೆ ಏನಿಡಬೇಕೆಂದು ಯಾರೂ ಕೇಳಬೇಕಾಗಿರಲಿಲ್ಲ, ಸಾರು ಕುದಿಯುತ್ತಿತ್ತು. ನಾನು ಬಾಳೆಎಲೆ ಒರೆಸುತ್ತ ತಲೆಯೆತ್ತಿದರೆ ಅವ್ವ ಸೌಟನ್ನು ಬಗ್ಗಿಸಿ ತನ್ನ ಅಂಗೈಗೆ ಎರಡು ಹನಿ ಬಿಟ್ಟುಕೊಳ್ಳುತ್ತಿದ್ದಳು. ಊದಿದಳು. ನಾಲಿಗೆಗೆ ಇಟ್ಟಳು.

ಅಷ್ಟು ವರ್ಷದ ತನ್ನ ನೇಮವನ್ನೂ, ಅವಳ ಅತ್ತೆ ಅಜ್ಜಿಯರ ಕಾಲದಿಂದ ಬಂದ ಎಡೆಯ ನೇಮವನ್ನೂ ಒಂದೇ ನೆಕ್ಕಿಗೆ ಮುರಿದಿದ್ದಳು. ದೊಡ್ಡಪ್ಪ ತಡವರಿಸುತ್ತ ಎದ್ದರು.

"ಎಡೆ ಎಂಜಲು ಮಾಡ್ಬಿಟ್ಯಲ್ಲ ತಾಯಿ. ಹಿರೀಕರು ಸಿಟ್ಟಾಯ್ತಾರೆ."

ಅವ್ವ ಕಣ್ಣು ತೆರೆದು, ಭರಣಿಗೆ ಕೈಹಾಕಿ ಒಂದು ಕಲ್ಲು ಉಪ್ಪು ತೆಗೆದು ಸಾರಿಗೆ ಹಾಕಿದಳು.

"ಹಿರೀಕರ ಸಿಟ್ಟು ನಾನು ಕಂಡಿಲ್ಲ ಭಾವ. ಉಪ್ಪು ಕಮ್ಮಿಯಾದ್ರೆ ಇವ್ರು ಎದ್ದೋಯ್ತಾರೆ, ಅದು ನಂಗೊತ್ತು."

ದೊಡ್ಡಪ್ಪ ಮತ್ತೆ ಗೋಡೆಗೆ ಒರಗಿ ಕುಳಿತರು. ಅವ್ವ ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿ ಬಂದು ಎಡೆ ಬಡಿಸಿದಳು. ಎಲ್ಲರ ಊಟವಾದ ಮೇಲೆ ತಾನು ಎಂದಿನಂತೆ ಮುದ್ದೆಗೆ ಮಜ್ಜಿಗೆ ಹಾಕಿಕೊಂಡಳು. ಆಮೇಲೆ ಈವರೆಗೂ ಅವಳು ಮಾಂಸ ಮುಟ್ಟಿಲ್ಲ, ಅದೊಂದು ದಿನದ ಎರಡು ಹನಿಯನ್ನು ಬಿಟ್ಟರೆ.

ನಾನೂ ಮಾಂಸ ಬಿಟ್ಟೆ; ನನ್ನ ಅಡುಗೆಮನೆಯಲ್ಲಿ ಈಗ ಬರೀ ಸೊಪ್ಪು ಕಾಳಿನ ಸಾರು. ಅದು ಕುದಿಯುವಾಗ ಅಂಗೈಗೆ ಹನಿ ಬಿಟ್ಟುಕೊಂಡು, ಊದಿ, ಉಪ್ಪು ನೋಡುತ್ತೇನೆ. ಸರಿಯಾಗಿದೆ ಎನಿಸಿದರೂ ಬೆನ್ನ ಹಿಂದೆ ಯಾರೋ ಬಂದು ಕೈ ಚಾಚಬಹುದೆಂದು ಸೌಟನ್ನು ಕೆಳಗಿಡದೆ ಒಂದು ಗಳಿಗೆ ಕಾಯುತ್ತೇನೆ.