ಅಣ್ಣನ ಭುಜಕ್ಕೆ ನಾಲ್ಕು ಡಿಗ್ರಿ

ಬೆಳಗಿನ ಆರು ಇನ್ನೂ ಆಗಿಲ್ಲ. ಶೆಡ್ಡಿನೊಳಗೆ ಅರವತ್ತು ವರ್ಷ ಹಳೆಯ ಕಪ್ಪು ಕಾರು. ಅದರ ಸ್ಟೇರಿಂಗ್ ಮುಂದೆ ಅಣ್ಣ ಕೂತಿದ್ದಾರೆ. ತೆರೆದ ಬಾಗಿಲ ಬಳಿ ಸೀಮೆಸುಣ್ಣ ಹಿಡಿದು ಕುಕ್ಕರಗಾಲಲ್ಲಿ ಕೂತ ತಮ್ಮ, ಅಳತೆ ತೆಗೆಯುವುದು ಬಿಟ್ಟು ಅಮ್ಮನ ಮಂಡಿನೋವಿನಿಂದ ಹಿಡಿದು ಪಕ್ಕದ ಬೀದಿಯ ಜಗಳದವರೆಗೆ ಹರಟುತ್ತಿದ್ದಾರೆ.

ಗ್ಯಾರೇಜಿನವರು ಈ ತಮ್ಮನನ್ನು ‘ಓರೆ ಮೇಸ್ತ್ರಿ’ ಎನ್ನುತ್ತಾರೆ. ಹಳೆಯ ಕಾರುಗಳ ಸ್ಟೇರಿಂಗ್ ಹೊತ್ತ ಉದ್ದನೆಯ ರಾಡಿನ ಓರೆಯನ್ನು ಓಡಿಸುವವರ ಮೈಗೆ ತಕ್ಕಂತೆ ಬದಲಿಸುವುದೇ ಅವರ ಕೆಲಸ. ತಿಂಗಳಿಗೆ ಒಂದು ಗಾಡಿ, ಹೆಚ್ಚೆಂದರೆ ಎರಡು. ಹಳೆಯ ಕಾರುಗಳ ಪ್ರದರ್ಶನದಲ್ಲಿ ಬಹುಮಾನ ಬರುವುದು ಬಣ್ಣಕ್ಕೆ. ಡ್ಯಾಶ್‌ಬೋರ್ಡಿನ ಕೆಳಗೆ ಬಗ್ಗಿ ನೋಡುವ ಪುಣ್ಯಾತ್ಮರು ಯಾರಿದ್ದಾರೆ?

“ಅಳತೆ ಅಂದ್ರೆ ಸಾಕು, ಜನ ಫೋಟೋಗೆ ಕೂತ ಹಾಗೆ ಸೆಟೆದು ಕೂರ್ತಾರೆ,” ಎನ್ನುತ್ತಾರೆ ಮೇಸ್ತ್ರಿ. “ಅರ್ಧ ಗಂಟೆ ಹರಟೆ ಹೊಡೆದ್ರೆ ಬೆನ್ನು ತಾನಾಗೇ ಇಳಿಯುತ್ತೆ. ಆಮೇಲೇ ಗುರುತು ಹಾಕ್ಬೇಕು.”

ಅಣ್ಣನ ಬೆನ್ನು ಇಳಿಯಲು ಒಂದು ಗಂಟೆಯೇ ಹಿಡಿಯುತ್ತದೆ. ಅವರು ಕಾರು ಓಡಿಸಿ ಹತ್ತೊಂಬತ್ತು ವರ್ಷ ಆಗಿದೆ. ಭುಜಕ್ಕೆ ಪೆಟ್ಟು ಬಿದ್ದು ಎಡಗೈ ಎದೆಯ ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ. ಅದಕ್ಕೆ ಕಾರಣ ತಮ್ಮನೇ.

ಆಗ ಇದೇ ಕಾರಿನ ರಾಡನ್ನು ಮೇಸ್ತ್ರಿ ಕತ್ತರಿಸಿ, ಓರೆ ಮಾಡಿ, ಬೆಸುಗೆ ಹಾಕಿದ್ದರು. ಬೆಸುಗೆ ನೋಡಲು ಅಚ್ಚುಕಟ್ಟಾಗಿತ್ತು. ತಮ್ಮ ಓಡಿಸಿ ನೋಡುವ ಮೊದಲೇ ಅಣ್ಣ ಹತ್ತಿ ಹೊರಟರು. ಮೊದಲ ತಿರುವಿನಲ್ಲೇ ಬೆಸುಗೆ ಬಿಟ್ಟಿತು. ಸ್ಟೇರಿಂಗ್ ತಿರುಗಿತು, ಗಾಡಿ ತಿರುಗಲಿಲ್ಲ. ಎದುರಿಗಿದ್ದದ್ದು ಕಲ್ಲಿನ ಗೋಡೆ.

“ಅಣ್ಣ ಇವತ್ತಿನವರೆಗೂ ಒಂದು ಮಾತು ಬೈದಿಲ್ಲ. ಬೈದಿದ್ರೆ ಹಗುರ ಆಗ್ತಿತ್ತು,” ಎನ್ನುತ್ತಾರೆ ಮೇಸ್ತ್ರಿ.

ಅಂದಿನಿಂದ ಅವರು ರಾಡಿಗೆ ಗರಗಸ ಮುಟ್ಟಿಸಿಲ್ಲ. ರಾಡಿನ ಬುಡದಲ್ಲಿರುವ ಸ್ಟೇರಿಂಗ್ ಬಾಕ್ಸನ್ನು ಸಡಿಲಿಸಿ, ಅದರಡಿಗೆ ಬೆಣೆಯಂತೆ ಸವರಿದ ಉಕ್ಕಿನ ತುಂಡು ಕೂರಿಸಿ, ಇಡೀ ರಾಡನ್ನೇ ವಾಲಿಸುತ್ತಾರೆ. ರಾಡನ್ನು ಡ್ಯಾಶ್‌ಬೋರ್ಡಿನ ಕೆಳಗೆ ಹಿಡಿದಿಡುವ ಪಟ್ಟಿಯನ್ನೂ ಅಷ್ಟೇ ಇಳಿಸುತ್ತಾರೆ. ಬೇರೆಯವರು ಅರ್ಧ ದಿನದಲ್ಲಿ ಮುಗಿಸುವುದಕ್ಕೆ ಇವರಿಗೆ ಆರು ದಿನ ಬೇಕು. ಮುಗಿದ ಗಾಡಿಯನ್ನು ಮೊದಲು ತಾವೇ ಓಡಿಸಿ ನೋಡದೆ ಯಾರ ಕೈಗೂ ಕೊಡುವುದಿಲ್ಲ.

ಏಳನೆಯ ದಿನ ಬೆಳಿಗ್ಗೆ ಕಾರು ಸಿದ್ಧವಾಗಿದೆ. ಸ್ಟೇರಿಂಗ್ ಸರಿಯಾಗಿ ನಾಲ್ಕು ಡಿಗ್ರಿ ಇಳಿದಿದೆ. ಮೇಸ್ತ್ರಿ ಕೈ ಒರೆಸಿಕೊಂಡು ಬರುವಷ್ಟರಲ್ಲಿ ಅಣ್ಣ ಒಳಗೆ ಕೂತಾಗಿದೆ. ಎಡಗೈ ನೋವಿಲ್ಲದೆ ಸ್ಟೇರಿಂಗ್ ಮೇಲೆ ಕೂತಿದೆ.

“ಇಳಿ ಅಣ್ಣ. ಮೊದಲು ನಾನೊಂದು ಸುತ್ತು ಹೋಗಿ ಬರ್ತೀನಿ.”

“ಬೇಡ.”

“ಏನಾದ್ರೂ ಆದ್ರೆ?”

“ನೀನು ಮಾಡಿದ್ದು ಅಂತ ನಂಬಿ ಆವತ್ತು ಹತ್ತಿದ್ದೆ. ಇವತ್ತೂ ಅದಕ್ಕೇ ಹತ್ತಿರೋದು. ಕೀ ಕೊಡು.”

ಮೇಸ್ತ್ರಿ ಜೇಬಿನಿಂದ ಕೀ ತೆಗೆದು ಕೊಡುತ್ತಾರೆ. ಆಮೇಲೆ ಸುತ್ತಿ ಬಂದು, ಆ ಕಡೆಯ ಬಾಗಿಲು ತೆಗೆದು, ಅಣ್ಣನ ಪಕ್ಕದಲ್ಲಿ ಕೂರುತ್ತಾರೆ.