ಫೋಟೊದಿಂದ ಅವ್ವನ ಕೈ ತೆಗೆದವನು

ಚಳ್ಳಕೆರೆಯ ಸ್ಟುಡಿಯೋದವನು ಅವ್ವನ ಫೋಟೊ ಕೈಗಿಟ್ಟಾಗ ನನಗೆ ಮೈಯೆಲ್ಲ ಉರಿದುಹೋಯಿತು. ಮಾರನೆಯ ದಿನ ಅವ್ವನ ತಿಥಿ. ಹಾರ ಹಾಕಲು ದೊಡ್ಡದೊಂದು ಫೋಟೊ ಬೇಕಿತ್ತು. ಚೌಕಟ್ಟಿನೊಳಗಿದ್ದವಳು ಯಾರೋ ಬೆಳ್ಳನೆಯ ಹೆಂಗಸು. ತುಟಿ ಬಿಗಿದುಕೊಂಡು ನೀಲಿ ಮೋಡಗಳ ನಡುವೆ ಕೂತಿದ್ದಳು.

ನಾನು ಕೊಟ್ಟಿದ್ದ ಫೋಟೊ ಮೊಳಕಾಲ್ಮೂರಿನ ಅಕ್ಕ ತನ್ನ ಮೊಬೈಲಿನಲ್ಲಿ ತೆಗೆದದ್ದು. ಅಕ್ಕನ ಮನೆಯವರು ರೇಷ್ಮೆ ಸೀರೆ ನೇಯುತ್ತಾರೆ. ಅವತ್ತು ಅವ್ವ ಹಠ ಮಾಡಿ ಮಗ್ಗಕ್ಕೆ ಕೂತು, ಲಾಳಿ ಎಸೆಯಲು ಹೋಗಿ ನೆಲಕ್ಕೆ ಬೀಳಿಸಿ, ಬಾಯಿಗೆ ಅಂಗೈ ಅಡ್ಡ ಇಟ್ಟುಕೊಂಡು ನಕ್ಕಿದ್ದಳು. ಫೋಟೊ ಅಲುಗಿ ಮಸುಕಾಗಿತ್ತು, ಕಣ್ಣಂತೂ ಮುಚ್ಚೇ ಹೋಗಿತ್ತು. ಆದರೂ ಅದನ್ನು ನೋಡಿದರೆ ಆ ನಗು ಕಿವಿಗೆ ಕೇಳುತ್ತಿತ್ತು.

"ಕೈ ಎಲ್ಲಿ ಹೋಯ್ತು?" ಅಂದೆ.

"ಅಡ್ಡ ಐತಲ್ರಿ ಸಾರ್, ತೆಗೆದೆ. ಬೇರೆ ಬಾಯಿ ಹಾಕೀನಿ. ಗೊತ್ತೇ ಆಗಲ್ಲ ನೋಡ್ರಿ."

ಬೇರೆ ಬಾಯಿ! ಯಾರದ್ದು ಅಂತ ಕೇಳುವ ಧೈರ್ಯವೂ ಆಗಲಿಲ್ಲ.

"ಪೂಜೆಗಿಡೋ ಫೋಟೊದಾಗೆ ಬಾಯಿ ಮುಚ್ಕಂಡು ನಗ್ತಾರೇನ್ರಿ? ಎಲ್ರೂ ಹಿಂಗೇ ಮಾಡಿಸ್ತಾರೆ."

ಮಾಡಿಸುತ್ತಾರೆ, ಸುಳ್ಳಲ್ಲ. ನಮ್ಮ ಕಡೆ ಯಾವ ಮನೆಯ ಗೋಡೆ ನೋಡಿದರೂ ಸತ್ತವರಿಗೆಲ್ಲ ಒಂದೇ ಬಣ್ಣ, ಒಂದೇ ಮೋಡ. ಶೇಂಗಾ ಹೊಲದಲ್ಲಿ ಬಿಸಿಲಿಗೆ ಕಪ್ಪಾದವರನ್ನು ಸತ್ತ ಮೇಲೆ ಬೆಳ್ಳಗೆ ಮಾಡಿ ಯಾರನ್ನು ಮೆಚ್ಚಿಸಬೇಕಾಗಿದೆ? ಲಕ್ಷಣವಾಗಿದ್ದ ಮಾತ್ರಕ್ಕೆ ಅದು ಫೋಟೊ ಆಗುವುದಿಲ್ಲ. ನೋಡಿದ ಕೂಡಲೇ ಎದೆ ಹಿಂಡಬೇಕು, ಇವಳು ನಮ್ಮವಳು ಅನ್ನಿಸಬೇಕು. ಅವ್ವ ಪೂರ್ತಿ ಇದ್ದದ್ದೇ ಆ ಕೈಯಲ್ಲಿ. ಈ ಪುಣ್ಯಾತ್ಮ ಅದನ್ನೇ ಅಳಿಸಿ ಕೂತಿದ್ದ!

ಅಂಗಡಿಯಲ್ಲೇ ಕೂಗಾಡಿದೆ. ಮಸುಕಾದ ಫೋಟೊವನ್ನೇ ಇದ್ದ ಹಾಗೆ ದೊಡ್ಡದು ಮಾಡಿಸಿಕೊಂಡು, ಏನೋ ಗೆದ್ದವನ ಹಾಗೆ ಬಸ್ಸು ಹತ್ತಿ ನಮ್ಮೂರು ನನ್ನಿವಾಳಕ್ಕೆ ಬಂದೆ. ತಿಥಿಗೆ ಬಂದಿದ್ದ ಅಕ್ಕನಿಗೆ ಸ್ಟುಡಿಯೋದವನ ಕಥೆ ಹೇಳುತ್ತ ಮತ್ತೊಮ್ಮೆ ಬೈದೆ. ಅವಳು ಫೋಟೊವನ್ನು ಬಹಳ ಹೊತ್ತು ನೋಡಿದಳು.

"ಅವ್ವ ಮೊದಲು ಹಿಂಗೆ ಬಾಯಿ ಮುಚ್ಕಂಡು ನಗ್ತಿರಲಿಲ್ಲ ಕಣೋ. ಹಸು ಒದ್ದು ಮುಂದಿನ ಹಲ್ಲು ಮುರೀತಲ್ಲ, ಆಗ ನೀನೇ ಅಂದಿದ್ದು, ಹುಡುಗ್ರು ನಿನ್ನ ಹಲ್ಲುಮುರುಕಿ ಅಂತಾರೆ, ಇಸ್ಕೂಲತ್ರ ಬರಬ್ಯಾಡ ಅಂತ. ನೆನಪೈತಾ?"

ನೆನಪಿತ್ತು. ಆಗ ನಾನು ಮೂರನೇ ಕ್ಲಾಸು. ಅವ್ವ ಆಮೇಲೆ ಶಾಲೆಯ ಕಡೆ ಬರಲೇ ಇಲ್ಲ.

ಮಾರನೆಯ ದಿನ ಹಾರ ಹಾಕಲು ಎಲ್ಲರೂ ನನ್ನನ್ನೇ ಮುಂದೆ ಬಿಟ್ಟರು. ಆ ಕೈಯನ್ನು ನೋಡಲು ನನ್ನಿಂದಾಗಲಿಲ್ಲ.