ಬೇಸ್‌ನವರ ಎಡಗಡೆ ಕೂರುವ ಅಕ್ಕ

ನನ್ನ ಅಕ್ಕ ಸಂಗೀತದ ಬಗ್ಗೆ ಬರೆಯುವ ಪತ್ರಕರ್ತೆ. ಹಾಗೆಂದ ಕೂಡಲೇ ಜನ ಕೇಳುವುದು ಅವಳು ಯಾವ ಯಾವ ಗಾಯಕರನ್ನು ಹತ್ತಿರದಿಂದ ನೋಡಿದ್ದಾಳೆ ಎಂದು. ಗಾಯಕರ ಹತ್ತಿರ ಅವಳು ಸುಳಿಯುವುದೇ ಇಲ್ಲ. ಊರಿಗೆಲ್ಲ ಒಂದು ದಾರಿಯಾದರೆ ಇವಳಿಗೇ ಒಂದು ದಾರಿ. ವೇದಿಕೆಯ ಹಿಂಬದಿಯಲ್ಲಿ, ದೀಪ ಸರಿಯಾಗಿ ಬೀಳದ ಜಾಗದಲ್ಲಿ ಬೇಸ್ ಗಿಟಾರ್ ಹಿಡಿದು ನಿಂತಿರುತ್ತಾರಲ್ಲ, ಅವರೇ ಬೇಕು ಅವಳಿಗೆ. ಹಾಡು ಕೇಳುವಾಗ ಎದೆಯಲ್ಲಿ ಗುಮ್ಮೆನ್ನುವ ತಗ್ಗಿನ ದನಿ ಅವರದು. ನಿಂತುಹೋದಾಗ ಮಾತ್ರ ಅದು ಇತ್ತೆಂದು ನಮಗೆ ತಿಳಿಯುತ್ತದೆ.

ನಾನು ಅದೇ ವಾರಪತ್ರಿಕೆಯಲ್ಲಿ ಕರಡು ತಿದ್ದುವವನು. ಅಕ್ಕ ರೆಕಾರ್ಡ್ ಮಾಡಿ ತಂದ ಮಾತುಗಳನ್ನು ಟೈಪು ಮಾಡುವ ಕೆಲಸವೂ ನನ್ನ ತಲೆಗೇ ಬಂದಿದೆ. ತಮ್ಮನಾಗಿ ಹುಟ್ಟಿದ್ದಕ್ಕೆ ಶಿಕ್ಷೆ ಎಂದುಕೊಂಡು ಮಾಡುತ್ತೇನೆ. ಅವಳಿಗೆ ಕಾರು ಓಡಿಸಲು ಬಾರದ್ದರಿಂದ ಡ್ರೈವರೂ ನಾನೇ. ನನಗೋ ಸಂಗೀತದ ಗಂಧಗಾಳಿಯಿಲ್ಲ.

ಅವಳಿಗೆ ಈ ಹುಚ್ಚು ಹಿಡಿದದ್ದು ಚಿಕ್ಕಂದಿನಲ್ಲೇ. ನಾವಿದ್ದ ಮನೆಯ ಗೋಡೆಯಾಚೆ ವಾದ್ಯವೃಂದದವರೊಬ್ಬರ ಅಭ್ಯಾಸದ ಕೋಣೆ ಇತ್ತು. ಗೋಡೆ ದಪ್ಪ. ಹಾಡುವ ದನಿಯಾಗಲಿ ಕೀಬೋರ್ಡಾಗಲಿ ಈಚೆ ಬರುತ್ತಿರಲಿಲ್ಲ, ತಗ್ಗಿನ ಸ್ವರಗಳು ಮಾತ್ರ ನುಸುಳಿಕೊಂಡು ಬರುತ್ತಿದ್ದವು. ಅಮ್ಮ ತಲೆನೋವೆಂದು ಹಣೆಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದಳು, ಅಪ್ಪ ಮನೆ ಮಾಲೀಕರ ಹತ್ತಿರ ಜಗಳಕ್ಕೆ ಹೋಗುತ್ತಿದ್ದರು, ಅಕ್ಕ ಗೋಡೆಗೆ ಕಿವಿ ಹಚ್ಚಿ ಕೂತಿರುತ್ತಿದ್ದಳು. ಮುಂದೊಂದು ದಿನ ಅಂಗಡಿಯ ರೇಡಿಯೋದಲ್ಲಿ ಅದೇ ಹಾಡು ಪೂರ್ತಿ ಕೇಳಿಬಂದಾಗ, ಇದರ ಮೇಲೆ ಇಷ್ಟೊಂದು ಗಲಾಟೆ ಯಾರು ಹಾಕಿದರು ಎಂದು ಕೇಳಿದಳಂತೆ. ಇಂದಿಗೂ ಅವಳ ಪ್ರಶ್ನೆ ಅದೇ.

ಬೇಸ್‌ನವರನ್ನು ಮಾತಾಡಿಸುವುದು ಸುಲಭವಲ್ಲ. ಜೀವನಪೂರ್ತಿ ಬೇರೆಯವರ ಹಾಡಿಗೆ ನೆಲ ಹಾಸಿಕೊಟ್ಟವರು, ತಮ್ಮನ್ನೇ ಕೇಳಿದರೆ ತಬ್ಬಿಬ್ಬಾಗುತ್ತಾರೆ. ಒಬ್ಬರು ಸಂದರ್ಶನದುದ್ದಕ್ಕೂ ತಮ್ಮ ಗಾಯಕನನ್ನೇ ಹೊಗಳಿ ಎದ್ದು ಹೋದರು. ಇನ್ನೊಬ್ಬಾಕೆ ಅಡುಗೆಮನೆಯಲ್ಲಿ ಬಟ್ಟೆ ಒಗೆಯುವ ಯಂತ್ರ ಹಾಕಿ, ಅದರ ಲಯಕ್ಕೆ ನುಡಿಸಿ ತೋರಿಸಿದರೇ ಹೊರತು ಬಾಯಿ ಬಿಡಲಿಲ್ಲ. ಮತ್ತೊಬ್ಬರ ಮನೆಯಲ್ಲಿ ಅವರ ಅತ್ತೆ ಬಾಗಿಲಲ್ಲಿ ನಿಂತು, ನಮ್ಮ ಅಳಿಯನ ಗಿಟಾರಿಗೆ ನಾಲ್ಕೇ ತಂತಿ ಇದೆಯಲ್ಲ, ಉಳಿದೆರಡು ಯಾವಾಗ ಹಾಕಿಸುತ್ತಾರೆ ಎಂದು ಅಕ್ಕನನ್ನೇ ವಿಚಾರಿಸಿದರು. ಅಳಿಯ ನೆಲ ನೋಡುತ್ತ ಕೂತಿದ್ದರು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುವುದು ನಿಜವಾದರೆ ಅಕ್ಕನ ರೆಕಾರ್ಡರಿನಲ್ಲಿ ಒಂದು ಚಿನ್ನದಂಗಡಿಯೇ ಇದೆ.

ಅದಕ್ಕೇ ಅವಳು ತನ್ನದೇ ಒಂದು ಪದ್ಧತಿ ಮಾಡಿಕೊಂಡಿದ್ದಾಳೆ. ಎದುರಿಗೆ ಕೂರುವುದಿಲ್ಲ, ಪಕ್ಕದಲ್ಲಿ ಕೂರುತ್ತಾಳೆ, ಅದೂ ಎಡಗಡೆಗೆ. ತಂತಿಯನ್ನು ಒತ್ತಿ ಹಿಡಿಯುವುದು ಎಡಗೈ. ಅವರ ಯೋಚನೆಯೆಲ್ಲ ಆ ಕೈಯಲ್ಲೇ ಕಾಣುತ್ತದೆ ಎನ್ನುತ್ತಾಳೆ. ಅವರು ಶ್ರುತಿ ಮಾಡಿಕೊಳ್ಳುವವರೆಗೂ ತುಟಿ ಬಿಚ್ಚುವುದಿಲ್ಲ. ಬಿಚ್ಚಿದರೂ ಕೇಳುವುದು, ಇಲ್ಲಿ ಈ ಸ್ವರವೇ ಯಾಕೆ, ಆ ಸ್ವರ ಯಾಕಲ್ಲ ಎಂಬಂಥದ್ದನ್ನೇ. ಇದನ್ನೆಲ್ಲ ಯಾರು ಓದುತ್ತಾರೆ ಎಂದು ನಮ್ಮ ಸಂಪಾದಕರು ಪ್ರತಿ ಸಭೆಯಲ್ಲೂ ಕೇಳುತ್ತಾರೆ. ಬೇಸ್ ನುಡಿಸುವವರು ಓದುತ್ತಾರೆ ಎಂದು ಅಕ್ಕ ಹೇಳುತ್ತಾಳೆ. ಅದು ನಿಜವೂ ಹೌದು.

ಅವಳು ಬರೆದದ್ದರಲ್ಲೆಲ್ಲ ಹೆಸರಾದದ್ದು ಕಂಬಣ್ಣನ ಮೇಲಿನ ಲೇಖನ. ವೇದಿಕೆಯ ಮೇಲೆ ಅಲ್ಲಾಡದೆ ನಿಲ್ಲುವುದಕ್ಕೆ ಅವರಿಗೆ ಆ ಹೆಸರು. ಹೆಸರಾಂತ ಗಾಯಕಿಯೊಬ್ಬರ ತಂಡದಲ್ಲಿ ಮೊದಲಿನಿಂದಲೂ ಇದ್ದವರು. ಯಾರಿಗೂ ಸಂದರ್ಶನ ಕೊಟ್ಟವರಲ್ಲ, ಅಕ್ಕ ಎಷ್ಟು ಸಲ ಕೇಳಿದರೂ ನಕ್ಕು ಜಾರಿಕೊಂಡವರು. ಒಂದು ಕಛೇರಿಯಲ್ಲಿ ಹಳೆಯ ಹಾಡುಗಳನ್ನು ನುಡಿಸುವಾಗ ಅವರು ಅಲ್ಲಲ್ಲಿ ಕೆಲವು ಸ್ವರಗಳನ್ನು ಬಿಟ್ಟದ್ದನ್ನು ಅಕ್ಕ ಗಮನಿಸಿದಳು. ಮನೆಗೆ ಬಂದವಳೇ ಬರೆಯಲು ಕೂತಳು. ಪ್ರಾಯದಲ್ಲಿ ನುಡಿಸಿ ಗೆದ್ದದ್ದನ್ನು ಪಕ್ವತೆಯಲ್ಲಿ ಬಿಟ್ಟು ಗೆದ್ದಿದ್ದಾರೆ, ಸ್ವರವಿದ್ದ ಜಾಗದಲ್ಲಿ ಈಗ ಗಾಳಿಯಾಡುತ್ತಿದೆ ಎಂದೆಲ್ಲ ಬರೆದಳು. ಕರಡು ತಿದ್ದುವಾಗ ನನಗೂ ಮೈ ಜುಮ್ಮೆಂದಿತ್ತು. ಸಂಗೀತದ ವಲಯದಲ್ಲಿ ಅದನ್ನು ಓದದವರಿಲ್ಲ.

ಎರಡು ವರ್ಷ ಕಳೆದ ಮೇಲೆ ಕಂಬಣ್ಣ ತಾವಾಗಿಯೇ ಫೋನು ಮಾಡಿ, ಮಾತಾಡುವುದಿದೆ, ಬನ್ನಿ ಎಂದರು. ಅಕ್ಕನಿಗೆ ಕಾಲು ನೆಲದ ಮೇಲೆ ನಿಲ್ಲದಷ್ಟು ಖುಷಿ. ದಾರಿಯುದ್ದಕ್ಕೂ ಪ್ರಶ್ನೆಗಳನ್ನು ಜೋರಾಗಿ ಹೇಳಿ ನೋಡುತ್ತಿದ್ದಳು, ನಾನು ಸಿಗ್ನಲ್ಲಿನಲ್ಲಿ ನಿಲ್ಲಿಸಿದಾಗಲೆಲ್ಲ ಪಕ್ಕದ ಕಾರಿನವರು ಇಣುಕುತ್ತಿದ್ದರು.

ಅವರ ಮನೆ ಮೂರನೆಯ ಮಹಡಿಯಲ್ಲಿತ್ತು. ಹೆಂಡತಿ ಕೆಲಸಕ್ಕೆ ಹೋಗಿದ್ದರು. ಕಿಟಕಿಯ ಹತ್ತಿರ ಒಂದು ಸ್ಟೂಲು, ಸವೆದು ಮರ ಕಾಣುವ ಬೇಸ್ ಗಿಟಾರು, ಬಟ್ಟೆ ಹೊದಿಸಿದ ಸ್ಪೀಕರು. ಅಕ್ಕ ಎಂದಿನಂತೆ ಎಡಗಡೆಗೆ ಕುರ್ಚಿ ಎಳೆದುಕೊಂಡಳು. ಅವರು, ಈ ಕಡೆ ಬೆಳಕು ಚೆನ್ನಾಗಿದೆ ಬನ್ನಿ ಎಂದು ಬಲಗಡೆ ಕರೆದರು. ಹಟಮಾರಿ ಅಕ್ಕ ಕದಲಲಿಲ್ಲ. ನಾನು ರೆಕಾರ್ಡರ್ ಹಚ್ಚಿಟ್ಟು ಮೂಲೆಯ ಸೋಫಾದಲ್ಲಿ ಕುಳಿತೆ.

ಅಕ್ಕ ಲೇಖನದಲ್ಲಿ ಹೊಗಳಿದ್ದ ಹಾಡನ್ನೇ ನಿಧಾನವಾಗಿ ನುಡಿಸಲು ಕೇಳಿದಳು. ಬಿಟ್ಟ ಜಾಗ ಬಂದಾಗಲೆಲ್ಲ ನಿಲ್ಲಿಸಿ, ಇಲ್ಲಿ ಯಾವ ಸ್ವರ ಇತ್ತು, ಅದನ್ನು ಯಾಕೆ ಬಿಟ್ಟಿರಿ ಎನ್ನುತ್ತಿದ್ದಳು. ಅವರು ಸ್ವರದ ಹೆಸರಷ್ಟೇ ಹೇಳಿ ಮುಂದಕ್ಕೆ ನುಡಿಸುತ್ತಿದ್ದರು. ಹೀಗೇ ಹಾಡು ಮುಗಿಯುತ್ತ ಬಂದಾಗ ಅಕ್ಕ ಪ್ರಶ್ನೆ ಕೇಳುವುದನ್ನು ನಿಲ್ಲಿಸಿದಳು. ಅವಳ ಕಣ್ಣು ಅವರ ಎಡಗೈ ಮೇಲೆಯೇ ಇತ್ತು. ಅವರು ಬಿಟ್ಟ ಸ್ವರಗಳೆಲ್ಲ ಅವೇ ಎರಡು ಬೆರಳಿಗೆ ಸೇರಿದವು ಎಂಬುದು ಅವಳಿಗೆ ಆಗ ಹೊಳೆದಿತ್ತು. ನನಗೆ ಅದನ್ನು ಆಮೇಲೆ ಕಾರಿನಲ್ಲಿ ಬಿಡಿಸಿ ಹೇಳಬೇಕಾಯಿತು.

"ಸರ್, ಆ ಎರಡು ಬೆರಳು?" ಎಂದಳು.

ಅವರು ಎಡಗೈಯನ್ನು ತಂತಿಯಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಉಂಗುರದ ಬೆರಳೂ ಕಿರುಬೆರಳೂ ಒಳಕ್ಕೆ ಮಡಚಿಕೊಂಡಿದ್ದವು. "ಇವೆರಡಕ್ಕೆ ಏನೂ ಗೊತ್ತಾಗಲ್ಲ ಮೇಡಂ. ನರ ಸತ್ತಿದೆ ಅಂದ್ರು ಡಾಕ್ಟ್ರು. ಬಿಟ್ಟಿದ್ದು ಪಕ್ವತೆಯಿಂದ ಅಲ್ಲ, ಆಗ್ದೇ ಇದ್ದಿದ್ದಕ್ಕೆ" ಎಂದರು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ಕುಣಿಯಲಾರದವರು ಬಾಯೇ ತೆರೆಯದಿದ್ದರೂ ಅಕ್ಕ ತಾನಾಗಿ ನೆಲ ಡೊಂಕೆಂದು ಬರೆದುಕೊಟ್ಟಿದ್ದಳು, ಅಷ್ಟು ಸಾಲದೆಂದು ಡೊಂಕನ್ನು ಹಾಡಿಹೊಗಳಿದ್ದಳು. ಸಂಗೀತ ಗೊತ್ತಿಲ್ಲದವರಾಗಿದ್ದರೆ ಏನೋ ತಪ್ಪಿತು ಎಂದುಕೊಳ್ಳುತ್ತಿದ್ದರು. ತಪ್ಪಿದ್ದರಲ್ಲೂ ಅರ್ಥ ಹುಡುಕಲು ಅಷ್ಟೆಲ್ಲ ತಿಳಿದಿರಬೇಕು. ಅವಳ ಮುಖ ನೋಡಲಾಗದೆ ನಾನು ರೆಕಾರ್ಡರಿನ ಕೆಂಪು ದೀಪ ನೋಡುತ್ತ ಕೂತೆ.

ಆಮೇಲೆ ಕಂಬಣ್ಣ ಎಲ್ಲವನ್ನೂ ಹೇಳಿದರು. ಆ ಕಛೇರಿ ಮುಗಿದ ವಾರ ತಂಡ ಬಿಡುತ್ತೇನೆಂದು ಹೇಳಲು ಗಾಯಕಿಯ ಹತ್ತಿರ ಹೊರಟಿದ್ದರಂತೆ. ಗಾಯಕಿ ಅಕ್ಕನ ಲೇಖನ ಹಿಡಿದುಕೊಂಡು ಎದುರಿಗೇ ಬಂದು, ನೋಡಿ ಎಷ್ಟು ಚೆನ್ನಾಗಿ ಬರೆದಿದ್ದಾರೆ ಎಂದು ಕೈ ಹಿಡಿದುಕೊಂಡರಂತೆ. ಹೇಳಬೇಕಾದ್ದು ಗಂಟಲಲ್ಲೇ ಉಳಿಯಿತು. ಈಗ ಗಾಯಕಿ ಹಳೆಯ ಹಾಡುಗಳನ್ನೆಲ್ಲ ಹೊಸದಾಗಿ ರೆಕಾರ್ಡ್ ಮಾಡಿಸುತ್ತಿದ್ದಾರೆ. ಗಾಜಿನ ಕೋಣೆಯಲ್ಲಿ ಒಬ್ಬೊಬ್ಬರೇ ಕೂತು, ಮೊದಲಿನ ಹಾಗೆಯೇ, ಒಂದು ಸ್ವರವೂ ಬಿಡದೆ ನುಡಿಸಬೇಕು. ಅಲ್ಲಿ ಬಚ್ಚಿಡಲಾಗುವುದಿಲ್ಲ. ಇಡೀ ಬದುಕು ಕಳೆದ ತಂಡದಿಂದ ಮೋಸಗಾರನೆನಿಸಿಕೊಂಡು ಹೊರಬೀಳುವುದೊಂದೇ ಅವರ ಭಯ. ಬಾಯಲ್ಲಿ ಹೇಳಲು ಆಗುತ್ತಿಲ್ಲ, ನೀವು ಪತ್ರಿಕೆಯಲ್ಲಿ ಬರೆದುಬಿಡಿ, ಅವರು ಓದಿ ತಿಳಿದುಕೊಳ್ಳಲಿ ಎಂದು ಕೇಳಿದರು.

ಯಾವ ಪತ್ರಕರ್ತೆಗೆ ಬೇಡ ಅಂಥ ಸುದ್ದಿ? ಅಕ್ಕ ಎದ್ದು ಬಂದು ರೆಕಾರ್ಡರ್ ಆಫ್ ಮಾಡಿದಳು. "ಪೇಪರ್‌ನಲ್ಲಿ ಓದಿ ತಿಳ್ಕೊಳ್ಳೋ ಮಾತಲ್ಲ ಸರ್ ಇದು. ನೀವೇ ಹೇಳ್ಬೇಕು. ನಾನು ಜೊತೆಗೆ ಬರ್ತೀನಿ, ಈ ಗಂಟು ಹಾಕಿದ್ದು ನಾನಲ್ವಾ" ಎಂದಳು. ಅವಳ ಬಗ್ಗೆ ನನಗೆ ಅಷ್ಟು ಹೆಮ್ಮೆ ಯಾವತ್ತೂ ಆಗಿರಲಿಲ್ಲ. ಹೇಳಿದರೆ ತಲೆ ಮೇಲೆ ಕೂರುತ್ತಾಳೆಂದು ಹೇಳಲಿಲ್ಲ.

ಅಂದು ಮಧ್ಯಾಹ್ನವೇ ತಂಡದ ಅಭ್ಯಾಸವಿತ್ತು. ಗ್ಯಾರೇಜೊಂದರ ಮೇಲಿನ ಕೋಣೆ, ಗೋಡೆಗೆಲ್ಲ ಹಳೆಯ ಕಂಬಳಿ ಬಡಿದಿದ್ದರು. ಗಾಯಕಿ ನೆಲದ ಮೇಲೆ ಕೂತು ವೈರು ಸುತ್ತುತ್ತಿದ್ದರು. ಡ್ರಮ್ಸ್ ಹಿಂದೆ ಕಂಬಣ್ಣನ ಷಡ್ಡಕ, ಅಂದರೆ ಅವರ ನಾದಿನಿಯ ಗಂಡ. ಇಷ್ಟು ವರ್ಷಗಳಲ್ಲಿ ಅಕ್ಕ ಆತನನ್ನು ಒಂದು ಮಾತೂ ಕೇಳಿರಲಿಲ್ಲ. ಡ್ರಮ್ಸ್‌ನವರ ಮಾತು ಕೇಳಲು ಅವರ ಡ್ರಮ್ಸೇ ಸಾಕು ಎನ್ನುವುದು ಅವಳ ಅಭಿಪ್ರಾಯ.

ಕಂಬಣ್ಣ ಬಾಗಿಲಲ್ಲೇ ನಿಂತು ಹೇಳಿದರು. ಎರಡೇ ವಾಕ್ಯ. ಗಾಯಕಿ ವೈರು ಕೆಳಗಿಟ್ಟರು. ಅಕ್ಕ ಮುಂದೆ ಬಂದು, ತಾನು ಬರೆದದ್ದು ತಪ್ಪು, ಅದರಿಂದಲೇ ಇವರ ಬಾಯಿ ಕಟ್ಟಿಹೋಯಿತು ಎಂದು ಒಪ್ಪಿಸಿದಳು. ಗಾಯಕಿ ಅವಳ ಕಡೆ ತಿರುಗಿಯೂ ನೋಡದೆ, ನಾನು ಪಕ್ಕದಲ್ಲೇ ನಿಂತು ಹಾಡುತ್ತಿದ್ದರೂ ನನಗೆ ಯಾಕೆ ತಿಳಿಯಲಿಲ್ಲ ಎಂದು ಕಂಬಣ್ಣನನ್ನೇ ಕೇಳಿದರು.

ಉತ್ತರ ಬಂದದ್ದು ಡ್ರಮ್ಸ್ ಹಿಂದಿನಿಂದ. "ನನ್ನಿಂದಾಗಿ ನಿಮಗೆ ತಿಳೀಲಿಲ್ಲ. ಇವರ ಬೆರಳು ಎಲ್ಲಿ ತಪ್ಪುತ್ತೆ ಅಂತ ನನ್ನ ಕಾಲಿಗೆ ಗೊತ್ತು. ಅಲ್ಲಿ ಕಾಲಲ್ಲಿ ಬಾರಿಸೋ ದೊಡ್ಡ ಡ್ರಮ್ಮಿಗೆ ಒಂದು ಏಟು ಹೆಚ್ಚಿಗೆ ಹಾಕ್ತಿದ್ದೆ."

ಕಂಬಣ್ಣ ಷಡ್ಡಕನನ್ನು ದಿಟ್ಟಿಸಿದರು. ಹಬ್ಬಹರಿದಿನ, ಮದುವೆ ಮುಂಜಿ ಎಂದು ಒಂದೇ ಮನೆಯಲ್ಲಿ ಉಂಡು ಮಲಗಿದವರು, ಈ ಬಗ್ಗೆ ಒಬ್ಬರಿಗೊಬ್ಬರು ಬಾಯಿ ಬಿಟ್ಟಿರಲಿಲ್ಲ. ಗಾಳಿಯಾಡುತ್ತದೆ ಎಂದು ಅಕ್ಕ ಬರೆದ ಜಾಗದಲ್ಲಿ ಇಷ್ಟು ದಿನ ಒಬ್ಬನ ಕಾಲು ದುಡಿಯುತ್ತಿತ್ತು. ಅವಳು ಪೆಚ್ಚಾಗಿ ಆ ಕಾಲನ್ನೇ ನೋಡುತ್ತಿದ್ದಳು.

ಗಾಯಕಿ ಕಂಬಣ್ಣನ ಕಡೆ ತಿರುಗಿದರು. ಡ್ರಮ್ಸ್ ಇಲ್ಲದೆ ಒಮ್ಮೆ ನುಡಿಸಿ ಎಂದರು. ಕಂಬಣ್ಣ ನುಡಿಸಿದರು. ಬಿಟ್ಟ ಜಾಗಗಳು ನನ್ನಂಥ ದಡ್ಡ ಕಿವಿಗೂ ಕೇಳಿದವು, ಹಲ್ಲು ಬಿದ್ದ ಬಾಯಿಯ ಹಾಗೆ. ಮುಗಿದ ಮೇಲೆ ಗಾಯಕಿ ಎದ್ದು ಅವರ ಹತ್ತಿರ ಬಂದು, "ಹಳೇ ಹಾಡಿಗೆ ಬೇರೆಯವರನ್ನ ಕರೀತೀನಿ. ಹೊಸ ಹಾಡು ನಿಮ್ಮ ಮೂರು ಬೆರಳಿಗೇ ಕಟ್ಟೋಣ. ನೀವೆಲ್ಲೂ ಹೋಗ್ಬೇಡಿ" ಎಂದರು. ಕಂಬಣ್ಣ ತಲೆಯಾಡಿಸಿದರು. ಅದರಲ್ಲಿ ಸಮಾಧಾನವೂ ಇತ್ತು, ಸಂಕಟವೂ ಇತ್ತು. ಆ ಹಳೆಯ ಹಾಡುಗಳೇ ತಾನೆ ಅವರ ಪ್ರಾಯ.

ಅಕ್ಕ ಕಂಬಣ್ಣನ ಒಪ್ಪಿಗೆ ಪಡೆದು ಮುಂದಿನ ಸಂಚಿಕೆಗೆ ನಡೆದದ್ದನ್ನೆಲ್ಲ ಬರೆದಳು, ತನ್ನ ತಪ್ಪಿನಿಂದಲೇ ಶುರುಮಾಡಿ. ಸಂಪಾದಕರು ಆ ಭಾಗ ತೆಗೆಯೋಣವೇ ಎಂದಾಗ, ತೆಗೆದರೆ ಲೇಖನವನ್ನೇ ತೆಗೆಯಿರಿ ಎಂದಳು. ಅದು ಅಚ್ಚಿಗೆ ಹೋಗಿ ಹೊರಬರುವ ಮುಂಚೆಯೇ ರೆಕಾರ್ಡಿಂಗ್ ಶುರುವಾಯಿತು. ಕಂಬಣ್ಣ ನಮ್ಮಿಬ್ಬರನ್ನೂ ಕರೆದಿದ್ದರು.

ಗಾಜಿನ ಕೋಣೆಯೊಳಗೆ ಹೊಸ ಬೇಸ್ ವಾದಕಿ ಕೂತಿದ್ದರು, ಎರಡು ಮಕ್ಕಳ ತಾಯಿ, ಕೈ ಚುರುಕಾದವರು. ಹೊರಗೆ ಎಂಜಿನಿಯರ್ ಪಕ್ಕ ಕಂಬಣ್ಣ. ಎಡಗಡೆಯ ಕುರ್ಚಿಯಲ್ಲಿ, ಹೇಳಬೇಕೆ, ಅಕ್ಕ. ಹಾಡು ಶುರುವಾಯಿತು. ಆಕೆ ಸೊಗಸಾಗಿ ನುಡಿಸುತ್ತ ಬಂದು, ಸರಿಯಾಗಿ ಕಂಬಣ್ಣ ಬಿಡುವ ಜಾಗದಲ್ಲೇ ಸ್ವರ ಬಿಟ್ಟರು. ಮುಂದೆ ಮತ್ತೊಂದು ಕಡೆಯೂ ಬಿಟ್ಟರು. ಅವರ ಹತ್ತೂ ಬೆರಳು ಗಟ್ಟಿಯಾಗಿದ್ದವು. ಅಕ್ಕ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

ಕಂಬಣ್ಣ ಹಾಡು ನಿಲ್ಲಿಸಿ, ಒಳಗೆ ಕೇಳುವ ಮೈಕಿನ ಗುಂಡಿ ಒತ್ತಿದರು. "ಅಲ್ಲಿ ಸ್ವರ ಇದೆಯಮ್ಮ. ನುಡಿಸಬೇಕು."

"ಅದು ನೀವು ಬಿಟ್ಟಿದ್ದಲ್ವಾ ಸರ್? ಆ ಲೇಖನ ಓದಿಯೇ ಕಲಿತಿದ್ದು ನಾನು."

"ಬಿಟ್ಟಿದ್ದಲ್ಲ, ಹೋಗಿದ್ದು. ನಿಮ್ಮ ಕೈಲಿ ಇದೆಯಲ್ಲ, ಹಾಕಿ" ಎಂದರು.

ಆಕೆ ಎಲ್ಲ ಸ್ವರಗಳನ್ನೂ ಹಾಕಿ ನುಡಿಸಿದರು. ಕಂಬಣ್ಣ ಕಣ್ಣು ಮುಚ್ಚಿದ್ದರು. ಮಂಡಿಯ ಮೇಲಿದ್ದ ಅವರ ಎಡಗೈಯ ಬೆರಳುಗಳು ಜೊತೆಜೊತೆಗೇ ಆಡುತ್ತಿದ್ದವು, ಆ ಎರಡನ್ನು ಬಿಟ್ಟು. ಅಕ್ಕ ಬಹಿರಂಗವಾಗಿಯೇ ಅಳುತ್ತಿದ್ದಳು. ಹಾಡು ಮುಗಿದಾಗ ಎಂಜಿನಿಯರ್, ಸರಿ ಬಂದಿದೆ, ಮುಂದಿನದಕ್ಕೆ ಹೋಗೋಣವೇ ಎಂದು ಕೇಳಿದ.

ಕಂಬಣ್ಣ ಕಣ್ಣು ತೆರೆಯಲಿಲ್ಲ. "ಸರಿಯಾಗೇ ಬಂದಿದೆ. ಆದ್ರೂ ಇನ್ನೊಂದ್ಸಲ ನುಡಿಸಲಿ" ಎಂದರು.